ಖರ್ಚು ಯಾರ ಲೆಕ್ಕಕ್ಕೆ?

ಕೇಳುಗರಿಗೆ ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡ್ ಎಂದೊಡನೆ ನೆನಪಾಗುವುದು ಆಲೂಗಡ್ಡೆಯ ಕ್ಷಾಮ, ಹಡಗು ಹತ್ತಿ ಅಮೆರಿಕಕ್ಕೆ ಹೋದ ಜನ, ಸ್ವರಾಜ್ಯಕ್ಕಾಗಿ ನಡೆದ ಹೋರಾಟ. ನಾನು ಇಂದು ಹೇಳಹೊರಟಿರುವ ವಿಷಯ ಅವುಗಳ ಪಕ್ಕದಲ್ಲಿ ಸಪ್ಪೆಯಾಗಿ ಕಂಡೀತು. ಆ ಕಾಲದ ಐರಿಷ್ ಊರುಗಳ ಆಡಳಿತ ಬಿಟ್ಟುಹೋದ ದಫ್ತರಗಳು ನನ್ನ ವಿಷಯ: ಸಭೆಯ ನಡಾವಳಿ ಪುಸ್ತಕ, ತೆರಿಗೆ ಪುಸ್ತಕ, ಟೆಂಡರು, ರಸೀದಿ. ದೀಪ ಹಚ್ಚುವವನಿಗೆ ಎಷ್ಟು ಸಂಬಳ, ಬೀದಿಯ ತಿಪ್ಪೆಯನ್ನು ಯಾರು ಎತ್ತಬೇಕು, ಶವಪೆಟ್ಟಿಗೆಯೊಂದಕ್ಕೆ ಬಡಗಿ ಕೇಳಿದ ದರವೇನು, ಇಂಥವು. ಸಪ್ಪೆ ಎಂದೆ. ಆದರೆ ಓದಲು ಕುಳಿತವರು ಬೇಗ ಏಳುವುದಿಲ್ಲ.

ಇವನ್ನು ಯಾರೂ ಮುಂದಿನ ಪೀಳಿಗೆ ಓದಲೆಂದು ಬರೆದಿಡಲಿಲ್ಲ. ಹಣ ಕೊಟ್ಟವನಿಗೆ ಖರ್ಚು ಮಾಡುವವನ ಮೇಲೆ ನಂಬಿಕೆ ಇರಲಿಲ್ಲ, ಅದಕ್ಕಾಗಿ ಬರೆಸಿದ. ಐರ್ಲೆಂಡಿನ ಸಾಮಾನ್ಯ ಜನರ ಬಗ್ಗೆ ನಮಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಅಪನಂಬಿಕೆಯ ಕೊಡುಗೆ.

ಮೊದಲು ಯಜಮಾನರು ಯಾರು ಎಂದು ನೋಡೋಣ. ಶತಮಾನದ ಬಹುಭಾಗ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತ ಗ್ರ್ಯಾಂಡ್ ಜ್ಯೂರಿಯ ಕೈಯಲ್ಲಿತ್ತು. ಹೆಸರು ಕೇಳಿದರೆ ಕೋರ್ಟಿನ ವ್ಯವಹಾರವೆನಿಸುತ್ತದೆ, ಅದೂ ಹೌದು. ಶೆರಿಫ್ ಎಂಬ ಜಿಲ್ಲಾಧಿಕಾರಿ ಆರಿಸಿದ ಸ್ಥಿತಿವಂತ ಭೂಮಾಲೀಕರು ಸಂಚಾರಿ ನ್ಯಾಯಾಧೀಶರು ಬಂದಾಗ ವರ್ಷಕ್ಕೆರಡು ಸಲ ಸೇರುತ್ತಿದ್ದರು, ಮೊಕದ್ದಮೆಗಳನ್ನು ಪರಿಶೀಲಿಸುತ್ತಿದ್ದರು, ಜೊತೆಯಲ್ಲೇ ರಸ್ತೆ, ಸೇತುವೆ, ಜೈಲು, ಆಸ್ಪತ್ರೆಗಳ ಖರ್ಚನ್ನೂ ಮಂಜೂರು ಮಾಡುತ್ತಿದ್ದರು. ಮಂಜೂರು ಮಾಡುವವರು ಇವರು, ಸೆಸ್ ಕಟ್ಟುವವನು ಹೊಲ ಉಳುವ ಗೇಣಿದಾರ. ಅವರನ್ನು ಆರಿಸುವುದರಲ್ಲಿ ಅವನದೊಂದು ಮಾತೂ ಇಲ್ಲ. ಮಂಜೂರಾದ ಕೆಲಸಗಳ ಪಟ್ಟಿ ಅಚ್ಚಾಗಿ ಪುಸ್ತಕವಾಗುತ್ತಿತ್ತು: ಇಂಥ ಕ್ರಾಸಿನಿಂದ ಇಂಥವರ ಮನೆಯವರೆಗೆ ಇಷ್ಟು ಪರ್ಚ್ (ಆಗಿನ ಉದ್ದದ ಅಳತೆ) ಉದ್ದದ ರಸ್ತೆ, ಗುತ್ತಿಗೆದಾರ ಇಂಥವನು, ದರ ಇಷ್ಟು. ರಸ್ತೆ ಯಾರ ಬಂಗಲೆಯ ಗೇಟಿನ ತನಕ ಹೋಗಿ ನಿಲ್ಲುತ್ತಿತ್ತು ಎಂಬುದನ್ನು ಓದಿ ನೀವೇ ಊಹಿಸಬಹುದು.

ಆ ಪುಸ್ತಕಗಳಲ್ಲೇ ಇನ್ನೊಂದು ಬಗೆಯ ನಮೂದು ಇರುತ್ತದೆ. ರಾತ್ರಿ ಯಾರೋ ಒಬ್ಬ ಜಮೀನ್ದಾರನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟರು, ದನದ ಕಾಲು ಕಡಿದರು. ದುರುದ್ದೇಶದ ಹಾನಿ ಎಂದು ಸಾಬೀತಾದರೆ ಪರಿಹಾರ ಕೊಡಬೇಕಾದದ್ದು ಆ ಸುತ್ತಿನ ತೆರಿಗೆದಾರರೆಲ್ಲರೂ. ಗೇಣಿದಾರರಿಗೂ ಮಾಲೀಕರಿಗೂ ಎಲ್ಲಿ, ಯಾವ ವರ್ಷ ಎಷ್ಟು ಬಿಗಿಯಿತ್ತು ಎಂಬುದಕ್ಕೆ ಈ ಪರಿಹಾರದ ಸಾಲುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಊರುಗಳ ಕಥೆ ಬೇರೆ. ಹಳೆಯ ನಗರ ಕಾರ್ಪೊರೇಷನ್‌ಗಳು ಬಹಳ ಕಡೆ ನಾಲ್ಕಾರು ಪ್ರಾಟೆಸ್ಟೆಂಟ್ ಮನೆತನಗಳ ಸ್ವತ್ತಾಗಿಬಿಟ್ಟಿದ್ದವು. 1840ರ ಕಾಯಿದೆ ಅವುಗಳಲ್ಲಿ 58ನ್ನು ಒಂದೇಟಿಗೆ ರದ್ದುಮಾಡಿ, ಹತ್ತನ್ನು ಮಾತ್ರ ಉಳಿಸಿತು: ಡಬ್ಲಿನ್, ಬೆಲ್‌ಫಾಸ್ಟ್, ಕಾರ್ಕ್, ಲಿಮರಿಕ್, ವಾಟರ್‌ಫರ್ಡ್, ಕಿಲ್‌ಕೆನ್ನಿ, ಡ್ರೊಹೆಡಾ, ಲಂಡನ್‌ಡೆರಿ, ಸ್ಲೈಗೊ, ಕ್ಲೊನ್‌ಮೆಲ್. ಮರುವರ್ಷವೇ ಐರಿಷ್ ಕ್ಯಾಥೊಲಿಕರ ನಾಯಕ ಡೇನಿಯಲ್ ಓ'ಕಾನೆಲ್ ಡಬ್ಲಿನ್ನಿನ ಲಾರ್ಡ್ ಮೇಯರ್ ಆದರು. ಎರಡನೆಯ ಜೇಮ್ಸ್ ಅರಸನ ಕಾಲದ ಬಳಿಕ ಆ ಕುರ್ಚಿಯಲ್ಲಿ ಕುಳಿತ ಮೊದಲ ಕ್ಯಾಥೊಲಿಕ್ ಅವರು.

ಸಣ್ಣ ಊರುಗಳಿಗೆ ಎರಡು ಕಾಯಿದೆಗಳು ಒದಗಿಬಂದವು, 1828ರದೊಂದು, 1854ರದೊಂದು. ಎರಡೂ ಕಡ್ಡಾಯವಲ್ಲ. ಬೀದಿದೀಪ, ಕಲ್ಲುಹಾಸು, ಕಸ ತೆಗೆಯುವುದು, ಕಾವಲು ಇವೆಲ್ಲ ಬೇಕೆಂದು ಊರವರೇ ಅರ್ಜಿ ಹಾಕಬೇಕು, ಆಮೇಲೆ ಟೌನ್ ಕಮಿಷನರ್‌ಗಳನ್ನು ಆರಿಸಿಕೊಳ್ಳಬೇಕು. ಅರ್ಜಿಗೆ ಸಹಿ ಹಾಕುವವರೆಗೆ ಉತ್ಸಾಹ, ತೆರಿಗೆಯ ಚೀಟಿ ಮನೆಗೆ ಬಂದ ದಿನ ಅದು ಇಳಿಯಿತು. ಇದಕ್ಕೆ ಐರ್ಲೆಂಡಿಗೇ ಹೋಗಬೇಕಾಗಿಲ್ಲ, ಬಿಡಿ. ಕಮಿಷನರ್‌ಗಳ ನಡಾವಳಿ ಪುಸ್ತಕ ತೆರೆದರೆ ಪುಟ ಪುಟದಲ್ಲೂ ಪೈಸೆ ಪೈಸೆಯ ಎಣಿಕೆ. ಬೆಳದಿಂಗಳಿರುವ ರಾತ್ರಿ ದೀಪ ಹಚ್ಚಬೇಕಾಗಿಲ್ಲ ಎಂದು ಗ್ಯಾಸ್ ಕಂಪನಿಯೊಂದಿಗೆ ಕರಾರು. ಮೋಡ ಮುಚ್ಚಿದ ಹುಣ್ಣಿಮೆಯಲ್ಲಿ ಜನ ಎಡವಿಕೊಂಡು ಓಡಾಡಿದ್ದಾರೆ, ಕರಾರು ಮಾತ್ರ ಪಂಚಾಂಗ ನೋಡಿಕೊಂಡೇ ನಡೆದಿದೆ. ಬೀದಿಯಲ್ಲಿ ಗುಡಿಸಿದ ಸಗಣಿ ಗೊಬ್ಬರವನ್ನು ರೈತರಿಗೆ ಮಾರಿ ಬಂದ ಹಣ ಆದಾಯದ ಕಡೆ. ಗುಡಿಸಿದವನ ಕೂಲಿ ಖರ್ಚಿನ ಕಡೆ. ಮನೆಯೊಳಗೆ ಹಂದಿ ಸಾಕಿದವರಿಗೆ ನೋಟಿಸು, ಸಂತೆಯ ಸುಂಕ ಹರಾಜು, ಪಂಪು ಕೆಟ್ಟಿದೆ ಎಂಬ ದೂರು, ಮುಂದಿನ ಸಭೆಯಲ್ಲೂ ಅದೇ ದೂರು.

ಇಲ್ಲಿ ನಮ್ಮ ಕಡೆಗೊಂದು ಸಣ್ಣ ದಾರಿ ತೆರೆಯುತ್ತದೆ. ಬೆಂಗಳೂರಿನ ಮೇಯೊ ಹಾಲ್ ಯಾರ ನೆನಪಿನದು ಎಂದು ಕೇಳಿದರೆ ವೈಸ್‌ರಾಯ್ ಲಾರ್ಡ್ ಮೇಯೊ ಎನ್ನುತ್ತೇವೆ. ಆತ ಡಬ್ಲಿನ್ನಿನಲ್ಲಿ ಹುಟ್ಟಿದವನು. ಭಾರತಕ್ಕೆ ಬರುವ ಮೊದಲು ಮೂರು ಬಾರಿ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದವನು. ಸ್ಥಳೀಯ ವೆಚ್ಚಕ್ಕೆ ಸ್ಥಳೀಯ ತೆರಿಗೆ, ಅದರ ಮೇಲೆ ಸ್ಥಳೀಯರದೇ ನಿಗಾ ಎಂಬ ಧಾಟಿಯಲ್ಲಿ 1870ರಲ್ಲಿ ಆತ ಹೊರಡಿಸಿದ ನಿರ್ಣಯ ಇಲ್ಲಿನ ಪುರಸಭೆಗಳ ಚರಿತ್ರೆಯಲ್ಲಿ ಬರುತ್ತದೆ. ಐರ್ಲೆಂಡಿನ ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕ್ಯಾಸಲ್ಲಿನ ಮೇಜಿನ ಮೇಲೆ ಇಂಥ ಎಷ್ಟು ಕಡತಗಳನ್ನು ಕಂಡವನೋ!

ಇನ್ನು ಎಲ್ಲಕ್ಕಿಂತ ದೊಡ್ಡ ದಫ್ತರಕ್ಕೆ ಬರೋಣ. 1838ರ ಬಡವರ ಕಾಯಿದೆ ಇಡೀ ದ್ವೀಪವನ್ನು 130 ಯೂನಿಯನ್‌ಗಳಾಗಿ, ಅಂದರೆ ಬಡವರ ನೆರವಿನ ವಲಯಗಳಾಗಿ, ಹಂಚಿತು. ಮುಂದೆ ಅವು 163 ಆದವು. ಒಂದೊಂದಕ್ಕೂ ಒಂದು ಸಂತೆಯೂರು ಕೇಂದ್ರ. ಅಲ್ಲೊಂದು ವರ್ಕ್‌ಹೌಸ್, ಗತಿಯಿಲ್ಲದವರು ಕುಟುಂಬ ಬೇರ್ಪಡಿಸಿಕೊಂಡು ಒಳಗೆ ಸೇರಬೇಕಾದ ದೊಡ್ಡ ಕಲ್ಲುಕಟ್ಟಡ. ನಕ್ಷೆಗಳನ್ನು ತಯಾರಿಸಿದವನು ಜಾರ್ಜ್ ವಿಲ್ಕಿನ್‌ಸನ್, ಹಾಗಾಗಿ ಊರಿಂದೂರಿಗೆ ಕಟ್ಟಡದ ಮುಖ ಒಂದೇ. ನಡೆಸುವವರು ಪಾಲಕರ ಮಂಡಳಿ. ಕೆಲವರನ್ನು ತೆರಿಗೆದಾರರು ಆರಿಸುತ್ತಿದ್ದರು, ಆಸ್ತಿ ಹೆಚ್ಚಿದ್ದವನಿಗೆ ಆರರವರೆಗೆ ಮತ. ಇನ್ನು ಕೆಲವರು ಮ್ಯಾಜಿಸ್ಟ್ರೇಟ್ ಎಂಬ ಕಾರಣಕ್ಕೆ ತಾವಾಗಿಯೇ ಸದಸ್ಯರು. ಪಾದ್ರಿಗಳಿಗೆ, ಯಾವ ಪಂಥದವರಾದರೂ, ಪ್ರವೇಶವಿಲ್ಲ.

ಮಂಡಳಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಸೇರುತ್ತಿತ್ತು. ನಡಾವಳಿ ಪುಸ್ತಕ ತೋಳಿಗೆ ಭಾರವಾಗುವಂಥದ್ದು. ಪ್ರತಿ ಸಭೆಗೂ ಮೊದಲು ಅಚ್ಚಾದ ನಮೂನೆ, ಅದರ ಖಾಲಿ ಜಾಗವನ್ನು ಗುಮಾಸ್ತ ತುಂಬಬೇಕು. ಕಳೆದ ಶನಿವಾರ ಉಳಿದಿದ್ದವರು, ಈ ವಾರ ಸೇರಿದವರು, ಹುಟ್ಟಿದವರು, ಹೊರಹೋದವರು, ಸತ್ತವರು, ಈಗ ಉಳಿದವರು. ಪಕ್ಕದಲ್ಲೇ ಕಟ್ಟಡ ಎಷ್ಟು ಜನಕ್ಕೆಂದು ಕಟ್ಟಿದ್ದು ಎಂಬ ಅಂಕಿ. ಆಸ್ಪತ್ರೆಯಲ್ಲಿರುವವರು, ಜ್ವರದವರು. ಒಬ್ಬ ಬಡವನಿಗೆ ವಾರಕ್ಕೆ ಬಿದ್ದ ಸರಾಸರಿ ಖರ್ಚು, ಪೆನ್ನಿಯ ತುಣುಕಿನವರೆಗೆ. ಇದೆಲ್ಲ ಮುಗಿದ ಮೇಲೆ ಠರಾವುಗಳು.

ಠರಾವುಗಳನ್ನು ಮೊದಲು ಓದುವವರಿಗೆ ನನ್ನದೊಂದು ಸಲಹೆ: ಬೇಡ, ಮೊದಲು ಅಂಕಿ ಓದಿ. ಠರಾವಿನಲ್ಲಿ ಸಭ್ಯರ ಭಾಷೆ ಇರುತ್ತದೆ, ವಿಷಾದವಿರುತ್ತದೆ, ಸರಕಾರಕ್ಕೆ ಮನವಿ ಇರುತ್ತದೆ. ಅಂಕಣಕ್ಕೆ ಅಂಥ ಮರ್ಯಾದೆ ಗೊತ್ತಿಲ್ಲ. ಕಾರ್ಕ್ ಕೌಂಟಿಯ ಸ್ಕಿಬರೀನ್ ವರ್ಕ್‌ಹೌಸ್ 800 ಜನರಿಗೆಂದು ಕಟ್ಟಿದ್ದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, 1846ರಲ್ಲಿ ಬೆಳೆ ಪೂರ್ತಿ ಹೋಯಿತು, 1847ರ ಚಳಿಗಾಲಕ್ಕೆ ಪಶ್ಚಿಮದ ಮತ್ತು ದಕ್ಷಿಣದ ಯೂನಿಯನ್‌ಗಳಲ್ಲಿ ಕಟ್ಟಡ ಎಷ್ಟು ಜನಕ್ಕೆ ಎಂಬ ಅಂಕಿಗೂ ಒಳಗಿದ್ದವರ ಅಂಕಿಗೂ ಸಂಬಂಧವೇ ಉಳಿಯಲಿಲ್ಲ. ಸಾವಿನ ಅಂಕಣ ಒಂದಂಕಿಯಿಂದ ಎರಡಂಕಿಗೆ ಹೋಗುತ್ತದೆ. ಗುಮಾಸ್ತನ ಕೈಬರಹ ಬದಲಾದರೆ ಹಿಂದಿನವನಿಗೂ ಜ್ವರ ಬಂದಿತ್ತೇ ಎಂದು ಸಂಶಯಪಡಬೇಕು, ಏಕೆಂದರೆ ವೈದ್ಯರು, ಮೇಟ್ರನ್‌ಗಳು, ಅಧಿಕಾರಿಗಳು ಹಲವರು ಅದೇ ಜ್ವರಕ್ಕೆ ಬಲಿಯಾದರು. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಇಳಿದ ದೇಶವಿದು.

ನಡಾವಳಿಗಿಂತ ಹತ್ತಿರದಿಂದ ಮನುಷ್ಯರನ್ನು ತೋರಿಸುವುದು ದಾಖಲಾತಿ ರಿಜಿಸ್ಟರ್. ಹೆಸರು, ವಯಸ್ಸು, ಪಂಥ, ಕಸುಬು, ಅಂಗವೈಕಲ್ಯ, ಗಂಡ ಅಥವಾ ಹೆಂಡತಿಯ ಹೆಸರು. ಒಳಗೆ ಬಂದಾಗ ಯಾವ ಸ್ಥಿತಿಯಲ್ಲಿದ್ದರು ಎಂಬುದಕ್ಕೂ ಒಂದು ಅಂಕಣ: ಚಿಂದಿ ಬಟ್ಟೆ, ಕೊಳಕು, ಜ್ವರ. ಆಮೇಲೆ ಬರುವ ಅಂಕಣದಲ್ಲೇ ಇಡೀ ವ್ಯವಸ್ಥೆಯ ಜೀವವಿರುವುದು: ಯಾವ ಚುನಾವಣಾ ವಿಭಾಗದವರು, ಯಾವ ಟೌನ್‌ಲ್ಯಾಂಡಿನವರು, ಅಂದರೆ ಐರ್ಲೆಂಡಿನ ಜಮೀನು ಲೆಕ್ಕದ ಯಾವ ಪುಟ್ಟ ಗ್ರಾಮಭಾಗದವರು.

ಗುಮಾಸ್ತನಿಗೆ ಅದೇಕೆ ಬೇಕಿತ್ತು? ಯೂನಿಯನ್ನಿನೊಳಗಿನ ಒಂದೊಂದು ವಿಭಾಗವೂ ತನ್ನ ಬಡವರ ಖರ್ಚನ್ನು ತಾನೇ ಭರಿಸಬೇಕು. ಎಲ್ಲಿಯವರೆಂದು ಗೊತ್ತಾಗದವರ ಖರ್ಚು ಮಾತ್ರ ಇಡೀ ಯೂನಿಯನ್ನಿನ ಮೇಲೆ. ಹಸಿದು ಬಾಗಿಲಿಗೆ ಬಂದ ಹೆಂಗಸು ಕಳೆದ ಕೆಲವು ವರ್ಷ ಎಲ್ಲಿ ವಾಸವಿದ್ದಳು ಎಂಬುದರ ಮೇಲೆ ಯಾವ ಜಮೀನ್ದಾರನ ತೆರಿಗೆ ಏರುತ್ತದೆ ಎಂಬುದು ತೀರ್ಮಾನವಾಗುತ್ತಿತ್ತು. ಈ ವಿಭಾಗದ ಪಾಲಕ ಆಕೆ ಪಕ್ಕದ ವಿಭಾಗದವಳು ಎನ್ನುತ್ತಾನೆ. ಪಕ್ಕದವನು ಇಲ್ಲ, ಊರಲ್ಲಿ ಬಾಡಿಗೆಗಿದ್ದಳು ಎನ್ನುತ್ತಾನೆ. ಪೇಟೆಯ ವಿಭಾಗದವರಿಗೆ ಇದೇ ಶಾಶ್ವತ ದೂರು: ಹಳ್ಳಿಯ ದಣಿ ಗುಡಿಸಲು ಕೆಡವಿ ಒಕ್ಕಲೆಬ್ಬಿಸುತ್ತಾನೆ, ಒಕ್ಕಲು ಪೇಟೆಗೆ ಬಂದು ಓಣಿ ಸೇರುತ್ತದೆ, ಕೊನೆಗೆ ಬಿಲ್ಲು ಪೇಟೆಯ ಅಂಗಡಿಯವನಿಗೆ. 1843ರ ತಿದ್ದುಪಡಿ ಇದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ನಾಲ್ಕು ಪೌಂಡಿಗಿಂತ ಕಡಿಮೆ ಮೌಲ್ಯದ ಹಿಡುವಳಿಯ ತೆರಿಗೆಯನ್ನು ಗೇಣಿದಾರನ ಬದಲು ಮಾಲೀಕನೇ ಕಟ್ಟಬೇಕೆಂದಿತು. ಬಡವನಿಗೆ ಅನುಕೂಲವೆಂದು ಮಾಡಿದ್ದು. ಕ್ಷಾಮ ಬಂದಾಗ ಗುಡಿಸಲನ್ನೇ ಕೆಡವಿಸುವುದು ಮಾಲೀಕನಿಗೆ ಅಗ್ಗವಾಯಿತು.

ಇಷ್ಟೆಲ್ಲ ಜಗಳವಾದದ್ದರಿಂದಲೇ ಆ ಹೆಂಗಸಿನ ಟೌನ್‌ಲ್ಯಾಂಡಿನ ಹೆಸರು ನಮಗೆ ಸಿಕ್ಕಿದೆ. ಖರ್ಚನ್ನು ಸರಕಾರವೇ ಒಟ್ಟಾಗಿ ಹೊತ್ತಿದ್ದರೆ ಆಕೆ ಒಂದು ಅಂಕಿಯಾಗಿ ಹೋಗುತ್ತಿದ್ದಳು. ಇಂದು ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ಕುಳಿತು ಮುತ್ತಜ್ಜಿಯ ಊರು ಹುಡುಕುವವರು ಈ ಅಂಕಣವನ್ನೇ ಹುಡುಕುತ್ತಾರೆ. 1848ರಿಂದ 1850ರ ನಡುವೆ ವರ್ಕ್‌ಹೌಸ್‌ಗಳಿಂದ 4,000ಕ್ಕೂ ಹೆಚ್ಚು ಅನಾಥ ಹುಡುಗಿಯರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. ಅವರಿಗೆ ಪಾದರಕ್ಷೆ, ಬಟ್ಟೆ, ಪೆಟ್ಟಿಗೆ ಕೊಡಿಸಿದ ಲೆಕ್ಕವೂ ಪಾಲಕರ ಪುಸ್ತಕಗಳಿಗೇ ಸೇರಿದ್ದು. ಈ ದಫ್ತರಗಳಲ್ಲಿ ಬಡವರು ತಾವಾಗಿ ಮಾತಾಡುವುದು ಅಪರೂಪ. ವರ್ಕ್‌ಹೌಸಿನ ಬಟ್ಟೆ ಹಾಕಿಕೊಂಡೇ ಗೋಡೆ ಹಾರಿ ಓಡಿಹೋದಾಗ, ಗಂಜಿ ಹಳಸಿದೆ ಎಂದು ಗಲಾಟೆ ಮಾಡಿದಾಗ ಅವರ ಹೆಸರು ನಡಾವಳಿಗೆ ಬರುತ್ತದೆ. ಸುಮ್ಮನೆ ಉಂಡು ಸುಮ್ಮನೆ ಸತ್ತವರು ರಿಜಿಸ್ಟರಿನ ಒಂದು ಸಾಲು.

ಇಂಥ ಊರಿನ ಪುಸ್ತಕಗಳಿಗೆ ಇಷ್ಟು ಬೆಲೆ ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ರಾಷ್ಟ್ರದ ಮುಖ್ಯ ದಾಖಲೆಗಳನ್ನೆಲ್ಲ ಒಂದೆಡೆ ಜೋಪಾನವಾಗಿಡಬೇಕೆಂದು 1867ರ ಕಾಯಿದೆಯಂತೆ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿ ಸಾರ್ವಜನಿಕ ಪತ್ರಾಗಾರ ಆರಂಭವಾಯಿತು. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ವಾರದಲ್ಲೇ, ಅದು ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಶತಮಾನಗಳ ಕಾಗದ ಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಮನೆವಾರು ಹಾಳೆಗಳಲ್ಲಿ ಹೆಚ್ಚಿನವು ಅಲ್ಲೇ ಬೂದಿಯಾದವು. ಮುಂದಿನ ನಾಲ್ಕು ಗಣತಿಗಳ ಹಾಳೆಗಳಿಗೆ ಬೆಂಕಿಯೂ ಬೇಕಾಗಲಿಲ್ಲ; ಸರಕಾರವೇ ಅವನ್ನು ನಾಶಮಾಡಿಸಿತ್ತು, 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಹೊತ್ತಿಗೆ ಅರೆದು ತಿರುಳು ಮಾಡಿದ್ದರು. ಜೋಪಾನವಾಗಿರಲೆಂದು ರಾಜಧಾನಿಗೆ ಹೋದದ್ದು ಸುಟ್ಟಿತು. ಅಷ್ಟು ಮುಖ್ಯವಲ್ಲವೆಂದು ಊರಿನ ವರ್ಕ್‌ಹೌಸಿನ ಕಪಾಟಿನಲ್ಲಿ, ಪುರಭವನದ ನೆಲಮಾಳಿಗೆಯಲ್ಲಿ ಬಿಟ್ಟದ್ದು ಬಹುಪಾಲು ಉಳಿಯಿತು.

ಎಲ್ಲವೂ ಅಲ್ಲ. ಕಾರ್ಕ್‌ನ ಕೋರ್ಟ್ ಕಟ್ಟಡಕ್ಕೆ 1891ರಲ್ಲಿ ಬೆಂಕಿ ಬಿದ್ದು ಅಲ್ಲಿನ ಗ್ರ್ಯಾಂಡ್ ಜ್ಯೂರಿಯ ದಾಖಲೆಗಳು ಹೋದವು. 1920ರಿಂದ 1923ರ ಗದ್ದಲದಲ್ಲಿ ಸೈನ್ಯ ತಂಗದಿರಲೆಂದು ಕೆಲವು ವರ್ಕ್‌ಹೌಸ್‌ಗಳನ್ನೇ ಸುಟ್ಟರು. ಉಳಿದವನ್ನು ಒದ್ದೆಗೋಡೆ, ಇಲಿ, ಜಾಗ ತೆರವು ಮಾಡುವ ಅಧಿಕಾರಿ ಸೇರಿ ಅಷ್ಟಿಷ್ಟು ತಿಂದರು. ಯಾವ ಊರಿನದು ಉಳಿದಿದೆ, ಯಾವುದರದು ಇಲ್ಲ ಎಂಬುದಕ್ಕೆ ನ್ಯಾಯ ಅನ್ಯಾಯದ ನಿಯಮವಿಲ್ಲ.

1898ರ ಸ್ಥಳೀಯ ಆಡಳಿತ ಕಾಯಿದೆ ಗ್ರ್ಯಾಂಡ್ ಜ್ಯೂರಿಗಳ ಆಡಳಿತ ಕೆಲಸವನ್ನು ಚುನಾಯಿತ ಕೌಂಟಿ ಕೌನ್ಸಿಲ್‌ಗಳಿಗೆ ಒಪ್ಪಿಸಿತು. ಮರುವರ್ಷದ ಚುನಾವಣೆಯ ಬಳಿಕ ನಡಾವಳಿ ಪುಸ್ತಕಗಳಲ್ಲಿ ಹಾಜರಾದವರ ಹೆಸರುಗಳೇ ಬದಲಾಗುತ್ತವೆ. ದೊಡ್ಡ ಮನೆಗಳವರು ಹೋಗಿ ಅಂಗಡಿಯವರು, ರೈತರು ಬರುತ್ತಾರೆ. ಪಾಲಕರ ಮಂಡಳಿಗಳಿಗೆ 1896ರಿಂದ ಮಹಿಳೆಯರೂ ಬರಬಹುದಾಗಿತ್ತು. ಅವರು ಬಂದ ಕಡೆ ಮಕ್ಕಳ ಹಾಲು, ಶಿಶುಗಳ ಕೋಣೆಯ ಸ್ಥಿತಿ ಸಭೆಯ ವಿಷಯವಾಗತೊಡಗಿತು.

ಈಗ ಕಾನೂನಿನ ಪ್ರಕಾರ ಈ ದಾಖಲೆಗಳನ್ನು ಕಾಪಾಡುವುದು ಅಲ್ಲಿನ ಸ್ಥಳೀಯ ಸಂಸ್ಥೆಗಳ ಕರ್ತವ್ಯ. 2014ರಲ್ಲಿ 80 ಪಟ್ಟಣ ಕೌನ್ಸಿಲ್‌ಗಳು ಒಂದೇ ಸಲ ರದ್ದಾದಾಗ ಅವುಗಳ ಕಪಾಟುಗಳ ಹೊಣೆಯೂ ಕೌಂಟಿಗಳ ಮೇಲೆ ಬಿತ್ತು. ಇಂದಿಗೂ ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರದ ಆರು ಕೌಂಟಿಗಳ ಬಡವರ ಕಾಯಿದೆಯ ದಾಖಲೆಗಳಿಗೆ ಬೆಲ್‌ಫಾಸ್ಟಿನ ಪತ್ರಾಗಾರ ನೋಡಬೇಕು. ಹುಡುಕುವವರು ಒಂದು ವಿಷಯ ಗಮನದಲ್ಲಿಡಬೇಕು: ಯೂನಿಯನ್ನಿನ ಗಡಿ ಕೌಂಟಿಯ ಗಡಿಯನ್ನು ಲೆಕ್ಕಿಸುವುದಿಲ್ಲ, ನಿಮ್ಮ ಹಳ್ಳಿಯ ಬಡವರ ಪುಸ್ತಕ ಪಕ್ಕದ ಕೌಂಟಿಯ ಪೇಟೆಯಲ್ಲಿರಬಹುದು. 1922ರಲ್ಲಿ ಸುಟ್ಟುಹೋದದ್ದರ ನಕಲು, ಸಾರ, ಪ್ರತಿಗಳನ್ನು ಬೇರೆಡೆಯಿಂದ ಕಲೆಹಾಕಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮುಂದಾಳತ್ವದಲ್ಲಿ ರೂಪಿಸಿದ ಡಿಜಿಟಲ್ ಭಂಡಾರ 2022ರ ಜೂನ್‌ನಲ್ಲಿ ತೆರೆಯಿತು. ಮನೆಯಲ್ಲೇ ಕುಳಿತು, ಶುಲ್ಕವಿಲ್ಲದೆ ಅದನ್ನು ನೋಡಬಹುದು. ಗ್ರ್ಯಾಂಡ್ ಜ್ಯೂರಿಯ ಪುಸ್ತಕ ಎದುರಾದರೆ ಸೇತುವೆಗಳ ಪುಟ ದಾಟಿ ಪರಿಹಾರದ ಪುಟಗಳಿಗೆ ಹೋಗಿ. ಪಾಲಕರ ನಡಾವಳಿಯಾದರೆ, ಆಗಲೇ ಹೇಳಿದೆನಲ್ಲ, ಶನಿವಾರದ ಅಂಕಿಯಿಂದ ಶುರುಮಾಡಿ.

ನಮಸ್ಕಾರ.