ಅವ್ವನ ಎಣ್ಣೆಗಾಯಿಗೆ ಬಾಗಿಲ ಬೆಳಕು ಸಾಕು

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಕೊಪ್ಪಳದ ನಮ್ಮ ಮನೆ ಪಡಸಾಲೆಯಲ್ಲೇ ಕೂತು ಮಾತಾಡುತ್ತಿದ್ದೇನೆ, ಯಾಕಂದ್ರೆ ನಾನು ಹೇಳಬೇಕಾದ ವಿಷಯ ಈ ಪಡಸಾಲೆ ಬಾಗಿಲಲ್ಲೇ ಇದೆ.

ಹೋದ ತಿಂಗಳು ಒಂದು ರಾತ್ರಿ ಅವ್ವ ಎಣ್ಣೆಗಾಯಿ ಮಾಡಿದ್ದಳು. ಎಳೇ ಬದನೆಕಾಯಿ ಸೀಳಿ, ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಕೆಂಪು ಖಾರ ಎಲ್ಲ ಕೂಡಿಸಿ ತುಂಬಿ, ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲಿ ಇಟ್ಟಿದ್ದಳು. ಮನೆ ತುಂಬಾ ವಾಸನೆ. ನಾನು ಅಡುಗೆಮನೆಯಲ್ಲೇ ನಿಂತು, ಫ್ಲ್ಯಾಶ್ ಹಾಕಿ, ಒಂದು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಬೆಂಗಳೂರಿನಲ್ಲಿರುವ ತಮ್ಮ ಕೇಳಿದ, "ಯವ್ವಾ, ಪಲ್ಯ ಹೊತ್ತೈತೇನು?" ಅವ್ವ ನನ್ನ ಫೋನ್ ಇಸ್ಕೊಂಡು ಆ ಫೋಟೋ ನೋಡಿದಳು. ಏನೂ ಅನ್ನಲಿಲ್ಲ. ಸುಮ್ನೆ ವಾಪಸ್ ಕೊಟ್ಟು ರೊಟ್ಟಿ ಬಡಿಯೋಕೆ ಹೋದಳು.

ನನಗೆ ಬಹಳ ಬೇಜಾರಾಯ್ತು. ಅಷ್ಟು ಚೆನ್ನಾಗಿದ್ದ ಪಲ್ಯ ಫೋಟೋದಲ್ಲಿ ಯಾಕೆ ಹಾಗೆ ಕಂಡಿತು? ಅವತ್ತಿನಿಂದ ದಿನಾ ಒಂದೊಂದು ತಟ್ಟೆ ಇಟ್ಟುಕೊಂಡು ನೋಡಿದ್ದೇನೆ. ಈಗ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನಮ್ಮ ಕಡೆ ಊಟ ಫೋಟೋದಲ್ಲಿ ಮಂಕಾಗಿ ಕಾಣುವುದಕ್ಕೆ ಊಟ ಕಾರಣ ಅಲ್ಲವೇ ಅಲ್ಲ, ನಾವು ಅದನ್ನು ತಪ್ಪು ಬೆಳಕಲ್ಲಿ ಇಡುತ್ತೇವೆ.

ನಮ್ಮ ಊಟದ ಬಣ್ಣ ನೋಡಿ. ಎಣ್ಣೆಗಾಯಿ ಕಂದು, ಗುರೆಳ್ಳು ಹಿಂಡಿ ಕಪ್ಪು, ಪುಂಡಿ ಪಲ್ಯ ಕಡು ಹಸಿರು, ಸಜ್ಜಿ ರೊಟ್ಟಿ ಬೂದು. ಇವುಗಳ ಅಂದ ಇರುವುದು ಮೈಯಲ್ಲಿ, ಅಂದರೆ ರೊಟ್ಟಿ ಮೇಲಿನ ಸುಟ್ಟ ಚುಕ್ಕೆ, ಅಂಚಿನ ಬಿರುಕು, ಬದನೆಕಾಯಿ ಸಿಪ್ಪೆಯ ಸುಕ್ಕು, ಮೇಲೆ ತೇಲುವ ಎಣ್ಣೆಯ ಹೊಳಪು. ಇದೆಲ್ಲ ಕಾಣಬೇಕಂದ್ರೆ ಸಣ್ಣ ಸಣ್ಣ ನೆರಳು ಬೇಕು. ಫ್ಲ್ಯಾಶ್ ಕ್ಯಾಮೆರಾ ಪಕ್ಕದಲ್ಲೇ ಇರುತ್ತದೆ, ನೇರ ಮುಂದಿನಿಂದ ಬಡಿಯುತ್ತದೆ, ಆ ಸಣ್ಣ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ರೊಟ್ಟಿ ರಟ್ಟಿನ ಹಾಗೆ ಆಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ಕಣ್ಣು ಕುಕ್ಕುವ ಒಂದು ಬಿಳಿ ಚುಕ್ಕೆ ಬೇರೆ. ಟ್ಯೂಬ್‌ಲೈಟ್ ಹಾಕಿದರೆ ಅದು ನಮ್ಮ ತಲೆ ಹಿಂದೆ ಇರುತ್ತದೆ, ಬಗ್ಗಿದ ಕೂಡಲೇ ನಮ್ಮ ನೆರಳೇ ತಟ್ಟೆ ಮೇಲೆ. ಇನ್ನೂ ಒಂದು ಮಾತು, ಅಗ್ಗದ ಎಲ್ಇಡಿ ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪು ಕಡಿಮೆ ಇರುತ್ತದೆ, ಹಾಗಾಗಿ ನಮ್ಮ ಖಾರದ ಬಣ್ಣ ಸತ್ತಂಗೆ ಕಾಣುತ್ತದೆ. ಅಡುಗೆಮನೆ ಗೋಡೆಗೆ ಹಸಿರು ಬಣ್ಣ ಹೊಡೆದಿದ್ದರಂತೂ ಆ ಹಸಿರು ಬಂದು ಅನ್ನದ ಮೇಲೆ ಕೂರುತ್ತದೆ.

ಹಾಗಾದ್ರೆ ಬಿಸಿಲಿಗೆ ಇಡೋಣ ಅಂತೀರಾ? ನಮ್ಮ ಕೊಪ್ಪಳದ ಬಿಸಿಲು ಗೊತ್ತಲ್ವಾ. ಸೂರ್ಯ ಭೂಮಿಗಿಂತ 109 ಪಟ್ಟು ಅಗಲ, ಆದರೆ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಅದಕ್ಕೇ ಆಕಾಶದಲ್ಲಿ ನಮಗೆ ಬರೀ ಅರ್ಧ ಡಿಗ್ರಿಯಷ್ಟು ಕಾಣುತ್ತಾನೆ. ಬೆಳಕು ಬರುವ ಜಾಗ ಎಷ್ಟು ಸಣ್ಣದಾಗಿ ಕಾಣುತ್ತದೋ ನೆರಳು ಅಷ್ಟು ಗಡುಸು. ಅದೇ ಬಿಸಿಲಿಗೆ ಒಂದು ತೆಳು ಬಿಳಿ ಬಟ್ಟೆ ಅಡ್ಡ ಕಟ್ಟಿ ನೋಡಿ. ಈಗ ತಟ್ಟೆಗೆ ಬೆಳಕು ಕೊಡುತ್ತಿರುವುದು ಸೂರ್ಯ ಅಲ್ಲ, ಎರಡು ಅಡಿ ಆಚೆ ಇರುವ ಅಷ್ಟು ಅಗಲದ ಬಟ್ಟೆ. ನೆರಳಿನ ಅಂಚು ಕರಗುತ್ತದೆ. ಮೃದು ಬೆಳಕು ಅಂದ್ರೆ ಇಷ್ಟೇ, ಇದರಲ್ಲಿ ಬೇರೆ ಗುಟ್ಟಿಲ್ಲ.

ನಾನು ಕಟ್ಟುವುದು ಅಪ್ಪನ ಹಳೇ ಧೋತ್ರ. ತೊಳೆದು ತೊಳೆದು ಎಷ್ಟು ತೆಳುವಾಗಿದೆ ಅಂದ್ರೆ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಅಂಥ ಬಟ್ಟೆ ಸಿಗಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಡಸಾಲೆ ಬಾಗಿಲಿಗೆ ಅದನ್ನು ಇಳಿಬಿಟ್ಟು, ಒಳಗಿನ ದೀಪ ಎಲ್ಲ ಆರಿಸಿ, ತಟ್ಟೆಯನ್ನು ಬಾಗಿಲಿಗೆ ಹತ್ತಿರ ಇಡುತ್ತೇನೆ. ಬೆಳಕು ಪಕ್ಕದಿಂದ, ಇಲ್ಲಾ ಸ್ವಲ್ಪ ಹಿಂದಿನಿಂದ ಬರಬೇಕು. ಹಿಂದಿನಿಂದ ಬಂದರೆ ಎಣ್ಣೆ ಹೊಳೆಯುತ್ತದೆ, ಬಿಸಿ ಅನ್ನದ ಹಬೆ ಕೂಡ ಕಾಣುತ್ತದೆ. ಈಚೆ ಕಡೆ ನೆರಳು ಜಾಸ್ತಿ ಅನಿಸಿದರೆ ಹಳೇ ಕ್ಯಾಲೆಂಡರಿನ ಬಿಳಿ ಬೆನ್ನು ಹಿಡಿಯಿರಿ, ಬೆಳಕು ಬಡಿದು ವಾಪಸ್ ಬರುತ್ತದೆ. ಸ್ಟೀಲ್ ತಟ್ಟೆ ಆಗ ನೋಡಬೇಕು. ಆ ಬಿಳಿ ಧೋತ್ರದ ಪ್ರತಿಬಿಂಬ ಅದರ ಅಂಚಿನ ಗುಂಟ ಹಾಲು ಹರಿದಂತೆ ಕಾಣುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು ಕಡಿಮೆ. ಲೆನ್ಸ್ ಒರೆಸಿ, ಅಡುಗೆಮನೆಯಲ್ಲಿ ಓಡಾಡಿದ ಫೋನಿಗೆ ಎಣ್ಣೆ ಕೈ ತಾಗೇ ಇರುತ್ತದೆ. ಆದರೆ ಒಂದು ಮಾತ್ರ ಗಮನದಲ್ಲಿಡಿ. ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ಮಧ್ಯದ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಅನ್ನ ಮೊಸರು ತೆಗೆದರೆ ಅದು ಬೂದಾಗುತ್ತದೆ, ಅದಕ್ಕೆ ಪರದೆ ಮೇಲೆ ಒತ್ತಿ, ಆಗ ಬರುವ ಸಣ್ಣ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಗುರೆಳ್ಳು ಹಿಂಡಿ ಹತ್ತಿರದಿಂದ ತೆಗೆದರೆ ಉಲ್ಟಾ, ಕಪ್ಪು ಹೋಗಿ ಬಿಳಿಚಿಕೊಳ್ಳುತ್ತದೆ, ಆಗ ಕೆಳಕ್ಕೆ ಇಳಿಸಿ. ಬೆಳಕು ಜಾಸ್ತಿ ಇರಲಿ ಅಂತ ಎಲ್ಲವನ್ನೂ ಬೆಳ್ಳಗೆ ಮಾಡಬೇಡಿ.

ಇದೆಲ್ಲ ನಾಟಕ ಅಲ್ವಾ, ಮನೆ ಊಟಕ್ಕೆ ಇಷ್ಟು ಯಾಕೆ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪಲ್ಲ. ಫಿಲ್ಟರ್ ಹಾಕಿ ಎಣ್ಣೆಗಾಯಿಯನ್ನು ಕಿತ್ತಳೆ ಬಣ್ಣ ಮಾಡಿದರೆ ಅದು ಸುಳ್ಳು. ಒಳ್ಳೆ ಬೆಳಕಿಗೆ ತಂದರೆ ಇದ್ದದ್ದು ಕಾಣುತ್ತದೆ, ಅಷ್ಟೇ. ಗವಿಮಠದ ಜಾತ್ರೆಯಲ್ಲಿ ನೋಡಿ, ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ, ಆ ರಾಶಿಯನ್ನು ಹಗಲು ಬೆಳಕಲ್ಲಿ ತೆಗೆದ ಫೋಟೋ ನೋಡಿದರೆ ಯಾರಿಗೂ ಹೊಟ್ಟೆ ಹಸಿಯುತ್ತದೆ. ನಮ್ಮವ್ವ ಬಡಿಯುವುದೂ ಅದೇ ಜೋಳದ ರೊಟ್ಟಿ. ಮಕ್ಕಳು ದಿನಾ ಫೋನಿನಲ್ಲಿ ಝಗಝಗ ಪಿಜ್ಜಾ ನೋಡುತ್ತಾರೆ, ಅದನ್ನು ತೆಗೆಯುವವರು ಬೆಳಕಿಗೇ ಗಂಟೆಗಟ್ಟಲೆ ಕೂರುತ್ತಾರೆ. ನಾವು ಹತ್ತು ನಿಮಿಷ ಕೊಡಬಾರದಾ?

ಹತ್ತೇ ನಿಮಿಷ, ಅದೂ ಊಟ ಬರುವ ಮುಂಚೆ. ಖಾಲಿ ತಟ್ಟೆ ಇಟ್ಟು ಎಲ್ಲ ಹೊಂದಿಸಿಕೊಳ್ಳಿ. ಊಟ ಬಂದ ಮೇಲೆ ಎರಡು ನಿಮಿಷದಲ್ಲಿ ಮುಗಿಸಿ. ನಾನು ಶುರುವಿನಲ್ಲಿ ಬಹಳ ಹೊತ್ತು ಮಾಡುತ್ತಿದ್ದಾಗ ಅವ್ವ ಅಂದಿದ್ದಳು, "ರೊಟ್ಟಿ ಆರಾಕತ್ತೈತಿ, ಮೊದಲು ಉಣ್ಣು." ಅವಳ ಮಾತೇ ಸರಿ, ಬಿಸಿ ರೊಟ್ಟಿಗಿಂತ ಫೋಟೋ ದೊಡ್ಡದಲ್ಲ.

ರಾತ್ರಿ ಅಡುಗೆ ಆದರೆ? ಬಲ್ಬನ್ನು ಬಿಳಿ ಗೋಡೆ ಕಡೆ ತಿರುಗಿಸಿ, ಅಲ್ಲಿ ಬಡಿದು ಬಂದ ಬೆಳಕಲ್ಲಿ ತೆಗೆಯಬಹುದು, ಪರವಾಗಿಲ್ಲ ಅನ್ನುವಂಗೆ ಬರುತ್ತದೆ. ನಾನಾದರೆ ಎರಡು ಬದನೆಕಾಯಿ ಬಟ್ಟಲಲ್ಲಿ ತೆಗೆದಿಡುತ್ತೇನೆ. ರಾತ್ರಿಯೆಲ್ಲ ಮಸಾಲೆ ಹೀರಿಕೊಂಡು ಬೆಳಿಗ್ಗೆಗೆ ರುಚಿ ಇನ್ನೂ ಜಾಸ್ತಿ ಆಗಿರುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಪಕ್ಕಕ್ಕೆ ಕಡಕ್ ರೊಟ್ಟಿ, ಹಸಿ ಉಳ್ಳಾಗಡ್ಡಿ, ಒಂಚೂರು ಮೊಸರು. ಆಮೇಲೆ ಧೋತ್ರ ಕಟ್ಟಿ ಬಾಗಿಲ ಹತ್ತಿರ ಕೂರುವುದು.