ಶೇಡ್ ಕಾರ್ಡ್ ತೆರೆಯೋಕೆ ಮುಂಚೆ: ಯಾವ ಕೋಣೆಗೆ ಯಾವ ಫಿನಿಶ್?

[ದೃಶ್ಯ: ಕತ್ತಲಾದ ಕೋಣೆ. ಗೋಡೆಗೆ ತಾಗಿಸಿ ಹಿಡಿದ ಟಾರ್ಚ್. ಬೆಳಕು ಗೋಡೆಯುದ್ದಕ್ಕೂ ಓರೆಯಾಗಿ ಬೀಳುತ್ತಿದೆ.]

ನಮಸ್ಕಾರ. ಲೈಟ್ ಹಾಕಿದಾಗ ಈ ಗೋಡೆ ಪೂರ್ತಿ ಸಪಾಟಾಗಿ ಕಾಣ್ತಿತ್ತು. ಈಗ ಲೈಟ್ ಆರಿಸಿ, ಟಾರ್ಚನ್ನ ಗೋಡೆಗೇ ತಾಗಿಸಿ ಹಿಡಿದಿದ್ದೀನಿ. ನೋಡಿ, ಪುಟ್ಟಿ ಎಳೆದ ಗೆರೆಗಳು, ಮೊಳೆ ತೂತು ಮುಚ್ಚಿದ ಕಡೆ ಸಣ್ಣ ಉಬ್ಬು, ಸ್ವಿಚ್ ಬೋರ್ಡ್ ಪಕ್ಕ ಒಂದು ತಗ್ಗು. ಪೇಂಟ್ ತರೋಕೆ ಮುಂಚೆ ಮನೆಯ ಪ್ರತಿ ಗೋಡೆಯನ್ನೂ ಹೀಗೆ ನೋಡಿ. ಯಾವ ಬಣ್ಣ ಅನ್ನೋದು ನಿಮ್ಮಿಷ್ಟ. ಯಾವ ಫಿನಿಶ್ ಅನ್ನೋದನ್ನ ಮಾತ್ರ ಗೋಡೆಯ ಸ್ಥಿತಿ ನೋಡಿಯೇ ತೀರ್ಮಾನ ಮಾಡಬೇಕು.

ಫಿನಿಶ್ ಅಂದ್ರೆ ಪೇಂಟ್ ಒಣಗಿದ ಮೇಲೆ ಉಳಿಯೋ ಹೊಳಪು. ಕಡಿಮೆಯಿಂದ ಹೆಚ್ಚಿಗೆ ಹೋದ್ರೆ ಮ್ಯಾಟ್, ಎಗ್‌ಶೆಲ್, ಸ್ಯಾಟಿನ್, ಸೆಮಿ ಗ್ಲಾಸ್, ಗ್ಲಾಸ್ (ಗಾಜಲ್ಲ, gloss, ಅಂದ್ರೆ ಹೊಳಪು). ಹೊಳಪನ್ನ ಅಳೆಯೋಕೆ ಗ್ಲಾಸ್ ಮೀಟರ್ ಅಂತ ಒಂದು ಯಂತ್ರ ಇದೆ. 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಅಂತ ನೋಡಿ ಒಂದು ಅಂಕ ಕೊಡುತ್ತೆ. ಮ್ಯಾಟ್ ಸಾಮಾನ್ಯವಾಗಿ 5ರ ಒಳಗೇ ಇರುತ್ತೆ, ಸ್ಯಾಟಿನ್ 20ರಿಂದ 35, ಸೆಮಿ ಗ್ಲಾಸ್ 35ರಿಂದ 70, ಅದಕ್ಕಿಂತ ಮೇಲಿದ್ರೆ ಗ್ಲಾಸ್. ಆದ್ರೆ ಡಬ್ಬದ ಮೇಲಿನ ಹೆಸರನ್ನೇ ನಂಬಿಕೊಂಡು ಕೂರಬೇಡಿ. ಒಂದು ಕಂಪನಿಯ ಎಗ್‌ಶೆಲ್ ಇನ್ನೊಂದು ಕಂಪನಿಯ ಸ್ಯಾಟಿನ್ನಷ್ಟೇ ಹೊಳೆಯಬಹುದು.

[ದೃಶ್ಯ: ಒಂದೇ ಬಣ್ಣದ ಎರಡು ಹಲಗೆ, ಒಂದು ಮ್ಯಾಟ್, ಒಂದು ಗ್ಲಾಸ್. ಎರಡರ ಮೇಲೂ ಒಂದೇ ದೀಪ.]

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ? ಪೇಂಟಲ್ಲಿ ಬಣ್ಣದ ಪುಡಿ ಇರುತ್ತೆ, ಆ ಪುಡಿಯನ್ನ ಹಿಡಿದಿಡೋ ಬೈಂಡರ್ ಇರುತ್ತೆ. ಬೈಂಡರ್ ಹೆಚ್ಚಿದ್ರೆ ಅದು ಕಣಗಳನ್ನೆಲ್ಲ ಮುಚ್ಚಿ ನುಣ್ಣನೆ ಪದರ ಕಟ್ಟುತ್ತೆ, ಬೆಳಕು ನೇರವಾಗಿ ತಿರುಗಿ ಬರುತ್ತೆ. ಪುಡಿ ಹೆಚ್ಚಿದ್ರೆ ಕಣಗಳು ಮೇಲೆ ತಲೆ ಎತ್ತಿಕೊಂಡು ನಿಲ್ಲುತ್ತವೆ, ಬೆಳಕು ದಿಕ್ಕಿಗೊಂದಾಗಿ ಚದುರಿಹೋಗುತ್ತೆ. ಮ್ಯಾಟ್ ಗೋಡೆಯ ಉಬ್ಬುತಗ್ಗನ್ನ ಮರೆಸೋದು ಹೀಗೆ. ಅದೇ ಒರಟು ಪದರದೊಳಕ್ಕೆ ಎಣ್ಣೆ, ಕೊಳೆ ಇಳಿದು ಕೂರೋದೂ ಹೀಗೇ. ಹುಳುಕು ಮುಚ್ಚೋದು ಬೇಕಾ, ತೊಳೆಯೋಕೆ ಬರೋದು ಬೇಕಾ? ಪ್ರತಿ ಕೋಣೆಯಲ್ಲೂ ಎರಡರಲ್ಲಿ ಒಂದಕ್ಕೆ ಸ್ವಲ್ಪ ಹೆಚ್ಚು ತೂಕ ಕೊಡಲೇಬೇಕು.

ಸೀಲಿಂಗಿಗೆ ಮ್ಯಾಟ್. ಅಲ್ಲಿ ಯಾರ ಕೈಯೂ ತಾಗಲ್ಲ, ಜೊತೆಗೆ ಕಿಟಕಿಯ ಬೆಳಕು ಓರೆಯಾಗಿ ಬೀಳೋದು ಹೆಚ್ಚಾಗಿ ಅಲ್ಲೇ.

ಮಲಗೋ ಕೋಣೆಗೂ ಮ್ಯಾಟ್ ಅಥವಾ ಎಗ್‌ಶೆಲ್ ಚೆನ್ನಾಗಿರುತ್ತೆ. ಹಾಲ್‌ಗೆ ಬಂದಾಗ ಯೋಚನೆ ಮಾಡಬೇಕು. ದೊಡ್ಡ ಕಿಟಕಿ ಪಕ್ಕದ ಉದ್ದ ಗೋಡೆಗೆ ಸ್ಯಾಟಿನ್ ಹೊಡೆಸಿದ್ರೆ, ದಿನಾ ಬೆಳಿಗ್ಗೆ ಬಿಸಿಲೇ ಟಾರ್ಚಿನ ಕೆಲಸ ಮಾಡುತ್ತೆ. ಪುಟ್ಟಿ ಕೆಲಸ ನಿಜವಾಗಲೂ ಅಚ್ಚುಕಟ್ಟಾಗಿದ್ರೆ ಸರಿ. ಇಲ್ಲದಿದ್ರೆ ಎಗ್‌ಶೆಲ್‌ಗಿಂತ ಮುಂದೆ ಹೋಗಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

[ದೃಶ್ಯ: ಕಡು ಬಣ್ಣದ ಮ್ಯಾಟ್ ಗೋಡೆ, ಸ್ವಿಚ್ ಬೋರ್ಡ್ ಹತ್ತಿರ. ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜುವ ಕೈ. ಒಣಗಿದ ಮೇಲೆ ಅದೇ ಜಾಗ, ಪಕ್ಕದಿಂದ.]

ಮಕ್ಕಳಿರೋ ಕೋಣೆ, ಓಡಾಡೋ ಪ್ಯಾಸೇಜ್, ಮೆಟ್ಟಿಲ ಪಕ್ಕದ ಗೋಡೆ: ಇಲ್ಲೆಲ್ಲ ಕೈಗುರುತು ತಪ್ಪಿದ್ದಲ್ಲ. ಸಾದಾ ಮ್ಯಾಟ್ ಇದ್ರೆ ಏನಾಗುತ್ತೆ ಅಂತ ಇಲ್ಲಿ ನೋಡಿ. ಕಲೆ ಹೋಯ್ತು, ಆದ್ರೆ ಉಜ್ಜಿದ ಕಡೆ ಮಾತ್ರ ಮಿರಮಿರ ಮಿಂಚ್ತಿದೆ. ಉಜ್ಜಿದಾಗ ಆ ಒರಟು ಪದರ ಸವೆದು ನುಣುಪಾಗಿಬಿಡುತ್ತೆ, ಮತ್ತೆ ಮೊದಲಿನಂತಾಗಲ್ಲ. ಕಡು ಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ಹಾಗಾಗಿ ಈ ಜಾಗಗಳಿಗೆ ಸ್ಯಾಟಿನ್, ಇಲ್ಲಾಂದ್ರೆ ತೊಳೆಯೋಕೆ ಬರೋ ಮ್ಯಾಟ್ ಅಂತಲೇ ತಯಾರಿಸಿದ ಪೇಂಟ್ ತಗೊಳ್ಳಿ. ಒರೆಸುವಾಗಲೂ ಮೆತ್ತನೆ ಸ್ಪಂಜ್, ಹಗುರ ಕೈ.

ಸಾದಾ ಮ್ಯಾಟಿಗೆ ಒಂದು ದೊಡ್ಡ ಅನುಕೂಲ ಇದೆ. ಒಂದು ಕಡೆ ಗೀರು ಬಿತ್ತು ಅಂದ್ರೆ ಅಷ್ಟಕ್ಕೇ ಟಚಪ್ ಮಾಡಬಹುದು, ಹೆಚ್ಚಾಗಿ ಬೆರೆತುಹೋಗುತ್ತೆ. ಸ್ಯಾಟಿನ್, ಸೆಮಿ ಗ್ಲಾಸಲ್ಲಿ ತೇಪೆ ಹಾಗೇ ಕಾಣುತ್ತೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಮತ್ತೆ ಹೊಡೆಯಬೇಕಾಗುತ್ತೆ.

ಅಡುಗೆಮನೆಯಲ್ಲಿ ಒಲೆಯ ಸುತ್ತ, ಸಿಂಕ್ ಸುತ್ತ ಟೈಲ್ಸ್ ಮುಗಿದ ಮೇಲಿನ ಗೋಡೆಗೆ ಸ್ಯಾಟಿನ್ ಅಥವಾ ಸೆಮಿ ಗ್ಲಾಸ್. ಎಣ್ಣೆ ಜಿಡ್ಡು ಮೇಲೇ ನಿಲ್ಲುತ್ತೆ, ಸೋಪ್ ನೀರಿಗೆ ಬಿಡುತ್ತೆ.

ಬಾತ್‌ರೂಮಿಗೂ ಸೆಮಿ ಗ್ಲಾಸ್ ಅಂತ ಎಲ್ಲರೂ ಹೇಳ್ತಾರೆ, ಅದು ಸರಿನೇ. ಹಬೆ ಬಂದು ಕೂತ್ರೂ ಒರೆಸಿದ್ರೆ ಆಯ್ತು. ಆದ್ರೆ ದಯವಿಟ್ಟು ಇದೊಂದು ಮಾತು ಕೇಳಿ. ಗೋಡೆಯೊಳಗೇ ತೇವ ಇದ್ರೆ, ಪೈಪ್ ಜಿನುಗ್ತಿದ್ರೆ, ಯಾವ ಫಿನಿಶ್ಶೂ ಅದನ್ನ ಸರಿಮಾಡಲ್ಲ. ಹೊಳಪಿನ ಗಟ್ಟಿ ಪದರ ಒಳಗಿನ ತೇವವನ್ನ ಹೊರಗೆ ಬಿಡಲ್ಲ, ಪೇಂಟ್ ಗುಳ್ಳೆ ಎದ್ದು ಸಿಪ್ಪೆಸಿಪ್ಪೆಯಾಗಿ ಬರುತ್ತೆ. ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗಲಿ, ಎಕ್ಸಾಸ್ಟ್ ಫ್ಯಾನ್ ಕೆಲಸ ಮಾಡ್ತಿದೆಯಾ ನೋಡಿ. ಪೇಂಟಿನ ಮಾತು ಆಮೇಲೆ.

ಬಾಗಿಲು, ಕಿಟಕಿ ಚೌಕಟ್ಟು, ಗ್ರಿಲ್‌ಗೆ ಎನಾಮಲ್, ಅಂದ್ರೆ ಮರ, ಕಬ್ಬಿಣಕ್ಕೆ ಹೊಡೆಯೋ ಗಟ್ಟಿ ಪೇಂಟ್, ಸೆಮಿ ಗ್ಲಾಸ್ ಇಲ್ಲವೇ ಗ್ಲಾಸ್. ಬಿಳಿ ಬೇಕಿದ್ರೆ ನೀರು ಬೆರೆಸಿ ಹೊಡೆಯೋ ಎನಾಮಲ್ ಕೇಳಿ. ಆಯಿಲ್ ಎನಾಮಲ್ಲಿನ ಬಿಳಿ ಬೆಳಕು ಕಡಿಮೆ ಇರೋ ಕಡೆ ಬೇಗ ಹಳದಿಗೆ ತಿರುಗುತ್ತೆ. ಹಳೇ ಹೊಳಪಿನ ಮೇಲೆ ನೇರವಾಗಿ ಹೊಡೆದ್ರೆ ಹೊಸ ಕೋಟ್ ಕಚ್ಚಿಕೊಳ್ಳಲ್ಲ. ಸ್ಯಾಂಡ್ ಪೇಪರಲ್ಲಿ ಉಜ್ಜಿ ಹೊಳಪು ತೆಗೆದು, ಧೂಳು ಒರೆಸಿ, ಪ್ರೈಮರ್ ಕೊಟ್ಟು ಮುಂದುವರೀಬೇಕು.

[ದೃಶ್ಯ: ಹಲಗೆಯ ಮೇಲೆ ರೋಲರ್. ನಂತರ ಅದೇ ಹಲಗೆ ಗೋಡೆಗೆ ಒರಗಿದೆ, ಬೆಳಿಗ್ಗೆ ಮತ್ತು ರಾತ್ರಿ.]

ಕೊನೆಗೆ ಶೇಡ್. ಮೊದಲು ನೋಡಿದ ಮ್ಯಾಟ್, ಗ್ಲಾಸ್ ಎರಡು ಹಲಗೆಯ ಬಣ್ಣ ಒಂದೇ, ಆದ್ರೂ ಗ್ಲಾಸ್ ಇರೋದು ಗಾಢವಾಗಿ ಕಾಣ್ತಿತ್ತು, ಮ್ಯಾಟ್ ಸ್ವಲ್ಪ ತಿಳಿಯಾಗಿತ್ತು. ಹಾಗಾಗಿ ಸ್ಯಾಂಪಲ್ ತರುವಾಗ ಬಣ್ಣದ ಜೊತೆಗೆ ನಿಮಗೆ ಬೇಕಾದ ಫಿನಿಶ್ಶಲ್ಲೇ ತನ್ನಿ. ಪ್ರೈಮರ್ ಕೊಟ್ಟ ಹಲಗೆಗೆ ಎರಡು ಕೋಟ್ ಹಾಕಿ, ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ಜಾಗ ಬದಲಾಯಿಸಿ, ಹಗಲಲ್ಲೂ ದೀಪದಲ್ಲೂ ನೋಡಿ.

ಪೇಂಟ್ ಆದ ಮೇಲೆ, ಮುಟ್ಟಿದ್ರೆ ಒಣಗಿದೆ ಅನ್ನಿಸೋಕೆ ಕೆಲವು ಗಂಟೆ ಸಾಕು. ಒಳಗೆ ಗಟ್ಟಿಯಾಗೋಕೆ ಎಮಲ್ಶನ್ನಿಗೆ, ಅಂದ್ರೆ ನೀರು ಬೆರೆಸಿ ಹೊಡೆಯೋ ಗೋಡೆ ಪೇಂಟಿಗೆ, ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿವರೆಗೆ, ತೊಳೆಯೋಕೆ ಬರೋ ಫಿನಿಶ್ ಆದ್ರೂ ಗೋಡೆಯನ್ನ ಉಜ್ಜಿ ತೊಳೆಯಬೇಡಿ.