ಹಾಡಿನ ಗಳಿಕೆ, ಊರಿನ ಪಾಲು

ಮಾನ್ಯರೇ,

ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಮನೆಮನೆಗೆ ಹೋಗಿ ಹಾಡುವ ನಮ್ಮ ಕೊಡಗಿನ ಪದ್ಧತಿಯನ್ನು ಇಲ್ಲಿರುವ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ. ಮನೆಯವರು ಕೊಟ್ಟ ಹಣ ಹಾಡುಗಾರರ ಕಿಸೆಗೆ ಸೇರದೆ ಊರೊರ್ಮೆಗೆ, ಅಂದರೆ ಊರವರೆಲ್ಲ ಕೂಡಿ ಉಣ್ಣುವ ಊಟಕ್ಕೆ, ಸಲ್ಲುತ್ತಿತ್ತು. ಸಂಗೀತಗಾರರ ಸಾರ್ವಜನಿಕ ಸೇವೆಯ ಬಗ್ಗೆ ಮಡಿಕೇರಿಯಲ್ಲಿ ಮಾತನಾಡಲು ನಿಂತಾಗ ನನಗೆ ಮೊದಲು ನೆನಪಾದದ್ದು ಇದೇ. ಹಾಡಿನಲ್ಲಿ ಏನು ಹೇಳಿದರು ಎಂಬುದನ್ನು ಬಹಳ ಮಂದಿ ಚರ್ಚಿಸಿದ್ದಾರೆ. ಹಾಡು ಗಳಿಸಿದ್ದು ಎಲ್ಲಿಗೆ ಹೋಯಿತು ಎಂದು ನಾನು ಕೇಳಬಯಸುತ್ತೇನೆ.

ಎಂ.ಎಸ್. ಸುಬ್ಬುಲಕ್ಷ್ಮಿ ಅವರು 1944ರಲ್ಲಿ ಕಸ್ತೂರಬಾ ಸ್ಮಾರಕ ನಿಧಿಗಾಗಿ ಐದು ಕಛೇರಿಗಳನ್ನು ನಡೆಸಿಕೊಟ್ಟರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ.

ಅಮೆರಿಕದ ಹ್ಯಾರಿ ಬೆಲಫಾಂಟೆ ಅವರದು ಇನ್ನೂ ಅಪಾಯದ ದಾರಿ. ಗಾಯಕರಾಗಿ ಗಳಿಸಿದ ಹಣವನ್ನು ಅವರು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಕ್ಕೆ ಸುರಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಬಂಧಿತರಾದ ಹೋರಾಟಗಾರರ ಜಾಮೀನಿಗೆ ಹಣ ಹೊಂದಿಸಿದರು. ಮರುವರ್ಷ ಮಿಸಿಸಿಪಿಯಲ್ಲಿ ಮತದಾರರ ನೋಂದಣಿಗೆ ದುಡಿಯುತ್ತಿದ್ದ ತರುಣರ ಕೈ ಬರಿದಾದಾಗ, ನಟ ಸಿಡ್ನಿ ಪಾಟಿಯೇ ಅವರೊಡನೆ ಎಪ್ಪತ್ತು ಸಾವಿರ ಡಾಲರ್ ನಗದನ್ನು ಚೀಲದಲ್ಲಿ ತುಂಬಿಕೊಂಡು ಗ್ರೀನ್‌ವುಡ್ ಎಂಬ ಊರಿಗೆ ತಾವೇ ಹೋದರು. ಬೇರೆಯವರ ಕೈಯಲ್ಲಿ ಕಳಿಸಬಹುದಿತ್ತು. ರಾತ್ರಿಯ ರಸ್ತೆಯಲ್ಲಿ ಜನಾಂಗದ್ವೇಷಿಗಳು ಅವರ ಕಾರನ್ನು ಬೆನ್ನಟ್ಟಿದ್ದರು ಎಂಬುದನ್ನು ನೆನೆದರೆ, ಆ ಪ್ರಯಾಣ ಅವರ ಯಾವ ಕಛೇರಿಗೂ ಕಡಿಮೆಯದಲ್ಲ ಎಂದು ನನಗೆ ಅನ್ನಿಸುತ್ತದೆ. ದಕ್ಷಿಣ ಆಫ್ರಿಕದ ಗಾಯಕಿ ಮಿರಿಯಂ ಮಕೇಬಾ ಅವರಂತೂ 1963ರಲ್ಲಿ ವಿಶ್ವಸಂಸ್ಥೆಯ ಮುಂದೆ ವರ್ಣಭೇದದ ವಿರುದ್ಧ ಸಾಕ್ಷಿ ನುಡಿದು ಪೌರತ್ವವನ್ನೇ ಕಳೆದುಕೊಂಡರು. ತಾಯ್ನಾಡಿಗೆ ಮರಳಲು 1990ರವರೆಗೆ ಕಾಯಬೇಕಾಯಿತು.

ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದಕ್ಕೂ ನಿದರ್ಶನವಿದೆ. ಪೂರ್ವ ಬಂಗಾಳದ ನಿರಾಶ್ರಿತರ ಸಂಕಟ ನೋಡಲಾರದೆ ಪಂಡಿತ್ ರವಿಶಂಕರ್ ಅವರು ಬೀಟಲ್ಸ್ ತಂಡದಲ್ಲಿದ್ದ ಗಾಯಕ, ಗೆಳೆಯ ಜಾರ್ಜ್ ಹ್ಯಾರಿಸನ್ ಅವರ ನೆರವು ಕೋರಿದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಾರ್ಯಕ್ರಮಗಳು ನಡೆದವು. ಟಿಕೆಟ್ಟಿನಿಂದ ಬಂದ ಸುಮಾರು 2,43,000 ಡಾಲರ್ ಬೇಗನೆ ಯುನಿಸೆಫ್‌ಗೆ ತಲುಪಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ, ಅದಕ್ಕಿಂತ ಎಷ್ಟೋ ಹೆಚ್ಚಿನ ಮೊತ್ತ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು, ಏಕೆಂದರೆ ಕಾರ್ಯಕ್ರಮವನ್ನು ದತ್ತಿ ಸಂಸ್ಥೆಯೊಂದರ ಮೂಲಕ ನಡೆಸುವ ಏರ್ಪಾಡು ಮೊದಲೇ ಆಗಿರಲಿಲ್ಲ. ಹಸಿದ ಮಕ್ಕಳಿಗೆ ಆ ವಿಳಂಬದ ಅರ್ಥವೇನೆಂದು ಯೋಚಿಸಿದರೆ ಎದೆ ಭಾರವಾಗುತ್ತದೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆ ನಮ್ಮದು. ಸಂತ್ರಸ್ತರಿಗಾಗಿ ಹಾಡಲು ಮುಂದೆ ಬರುವ ಇಲ್ಲಿನ ಯುವ ಕಲಾವಿದರಲ್ಲಿ ನನ್ನ ವಿನಂತಿ ಇಷ್ಟೆ: ಮೊದಲ ಟಿಕೆಟ್ ಮಾರುವ ಮುನ್ನವೇ ಹಣ ಯಾರಿಗೆ, ಯಾವ ಖಾತೆಗೆ ಎಂದು ಬರೆದು ಸಭಾಂಗಣದ ಬಾಗಿಲಿಗೆ ಅಂಟಿಸಿ, ಕಾರ್ಯಕ್ರಮ ಮುಗಿದ ವಾರದಲ್ಲಿ ಅದೇ ಬಾಗಿಲಿಗೆ ಲೆಕ್ಕವನ್ನೂ ಅಂಟಿಸಿ.